ತೂಕ ಹೆಚ್ಚಿರುವವರು ಗರ್ಭನಿರೋಧಕ ಆರಿಸಿಕೊಳ್ಳುವ ಬಗೆ

“ಮೊದಲು ತೂಕ ಇಳಿಸಿಕೊಂಡು ಬಾಮ್ಮ, ಆಮೇಲೆ ನೋಡೋಣ.”

ಎರಡನೇ ಮಗುವಿಗೆ ಹತ್ತು ತಿಂಗಳಾಗಿದ್ದಾಗ ವೈದ್ಯರ ಹತ್ತಿರ ಗರ್ಭನಿರೋಧಕ ಕೇಳಿಕೊಂಡು ಹೋದ ನನಗೆ ಸಿಕ್ಕ ಉತ್ತರ ಇದು. ಆಗ ನನ್ನ ತೂಕ 84 ಕೆ.ಜಿ. ತೂಕ ಇಳಿಯಬೇಕಾದರೆ ವರ್ಷ ಹಿಡಿಯುತ್ತದೆ, ಬಸಿರಾಗಲು ಒಂದು ತಿಂಗಳು ಸಾಕು. ಅಷ್ಟು ದಿನ ನಾನೇನು ಮಾಡಬೇಕು ಅನ್ನುವುದಕ್ಕೆ ಆ ಕೋಣೆಯಲ್ಲಿ ಉತ್ತರ ಇರಲಿಲ್ಲ. ಹಾಗೆ ಬರಿಗೈಲಿ ವಾಪಸ್ ಬಂದವಳು ನಾನೊಬ್ಬಳೇ ಅಲ್ಲ ಅನ್ನುವುದು ಆಮೇಲೆ ನನ್ನ ಅಕ್ಕತಂಗಿಯರು, ಗೆಳತಿಯರ ಹತ್ತಿರ ಮಾತಾಡಿದಾಗ ತಿಳಿಯಿತು. ಈ ಬರಹ ಅವರಿಗಾಗಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಯಾರಿಗೆ ಯಾವ ಗರ್ಭನಿರೋಧಕ ಸರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಂದರಿಂದ ನಾಲ್ಕರವರೆಗೆ ದರ್ಜೆ ಕೊಡುತ್ತದೆ. ಒಂದು ಅಂದರೆ ಯಾವ ಅಡ್ಡಿಯೂ ಇಲ್ಲ. ಎರಡು ಅಂದರೆ ಅಪಾಯಕ್ಕಿಂತ ಲಾಭ ಹೆಚ್ಚು. ಮೂರು ಅಂದರೆ ಸಾಮಾನ್ಯವಾಗಿ ಬೇಡ. ನಾಲ್ಕು ಅಂದರೆ ಬೇಡವೇ ಬೇಡ. ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಸಂಖ್ಯೆ) 30 ದಾಟಿದ, ಬೇರೆ ತೊಂದರೆಯಿಲ್ಲದ ವಯಸ್ಕ ಹೆಂಗಸಿಗೆ ಕಾಪರ್ ಟಿ, ಹಾರ್ಮೋನ್ ಇರುವ ವಂಕಿ (ಎರಡೂ ಗರ್ಭಕೋಶದೊಳಗೆ ಕೂರಿಸುವ ಸಾಧನಗಳು), ತೋಳಿನ ಇಂಪ್ಲಾಂಟ್, ಮೂರು ತಿಂಗಳ ಇಂಜೆಕ್ಷನ್, ಪ್ರೊಜೆಸ್ಟಿನ್ ಅನ್ನುವ ಹಾರ್ಮೋನ್ ಮಾತ್ರ ಇರುವ ಮಾತ್ರೆ ಎಲ್ಲಕ್ಕೂ ದರ್ಜೆ ಒಂದು. ಅದರ ಜೊತೆ ಈಸ್ಟ್ರೋಜನ್ ಹಾರ್ಮೋನೂ ಬೆರೆತ ‘ಮಿಶ್ರ ಮಾತ್ರೆ’ಗೆ ಎರಡು. ತೂಕ ಒಂದನ್ನೇ ಮುಂದಿಟ್ಟು ಮೂರು, ನಾಲ್ಕರ ಸಾಲಿಗೆ ತಳ್ಳಿದ ವಿಧಾನ ಆ ಪಟ್ಟಿಯಲ್ಲಿ ಒಂದೂ ಇಲ್ಲ. ಬ್ರಿಟನ್ನಿನ ವೈದ್ಯರು ಇನ್ನೊಂದು ಹೆಜ್ಜೆ ಎಚ್ಚರ ವಹಿಸಿ, ಬಿಎಂಐ 35 ದಾಟಿದವರಿಗೆ ಈಸ್ಟ್ರೋಜನ್ ಮಾತ್ರೆಯನ್ನು ಮೂರನೇ ದರ್ಜೆಯಲ್ಲಿ ಇಟ್ಟಿದ್ದಾರೆ. ತೂಕ ಇಳಿಸುವುದು ಬೇರೆ ಕೆಲಸ, ಅದು ಅದರ ಪಾಡಿಗೆ ನಡೆಯಲಿ. ಗರ್ಭನಿರೋಧಕ ಬೇಕಾಗಿರುವುದು ಇವತ್ತು.

ಮೊದಲ ಹೆಜ್ಜೆ: ನಿಮ್ಮ ಅಂಕಿಗಳನ್ನು ಬರೆದಿಟ್ಟುಕೊಳ್ಳಿ

ಬಿಎಂಐ ಲೆಕ್ಕ ಸುಲಭ. ಎತ್ತರವನ್ನು ಮೀಟರಿನಲ್ಲಿ ಬರೆದು ಅದನ್ನು ಅದರಿಂದಲೇ ಗುಣಿಸಿ, ಬಂದ ಸಂಖ್ಯೆಯಿಂದ ತೂಕವನ್ನು ಭಾಗಿಸಿ. ನನ್ನ ಎತ್ತರ 158 ಸೆಂ.ಮೀ. 1.58ನ್ನು 1.58ರಿಂದ ಗುಣಿಸಿದರೆ ಸುಮಾರು 2.5. ಅದರಿಂದ 84ನ್ನು ಭಾಗಿಸಿದರೆ 33.6. ಭಾರತೀಯರಲ್ಲಿ ಹೊಟ್ಟೆಯ ಸುತ್ತ ಕೊಬ್ಬು ಬೇಗ ಸೇರುವುದರಿಂದ ನಮ್ಮ ವೈದ್ಯರು 25ಕ್ಕೇ ಬೊಜ್ಜು ಅನ್ನುತ್ತಾರೆ. ಆದರೆ ಗರ್ಭನಿರೋಧಕದ ನಿಯಮಗಳು ನಿಂತಿರುವುದು 30, 35ರ ಮೇಲೆ. ಎರಡನ್ನೂ ಕಲಸಿಕೊಂಡು ಗಾಬರಿಯಾಗಬೇಡಿ.

ಬಿಎಂಐಗಿಂತ ದೊಡ್ಡದು ಬಿಪಿ. 140/90 ದಾಟಿದರೆ ಈಸ್ಟ್ರೋಜನ್ ಇರುವ ಮಾತ್ರೆ ಸಾಮಾನ್ಯವಾಗಿ ಬೇಡ, 160/100 ಮುಟ್ಟಿದರೆ ಖಂಡಿತ ಬೇಡ. ಇಲ್ಲೊಂದು ಸಣ್ಣ ಸಂಗತಿ ಇದೆ, ಬಹಳ ಜನರಿಗೆ ಗೊತ್ತಿಲ್ಲ. ನನ್ನ ತೋಳಿಗೆ ನರ್ಸ್ ಸುತ್ತಿದ ಬಿಪಿ ಪಟ್ಟಿ ಅಂಚಿಗೆ ಅಂಚು ಸಿಗದೆ, ಗಾಳಿ ತುಂಬುವಾಗ ಚರ್ ಎಂದು ಬಿಚ್ಚಿಕೊಂಡಿತು. ಕೈಯಲ್ಲಿ ಒತ್ತಿ ಹಿಡಿದು ಮತ್ತೆ ಅಳೆದರು, 146/94 ಬಂತು. ಬೇರೆ ಆಸ್ಪತ್ರೆಯೊಂದರಲ್ಲಿ ದಪ್ಪ ತೋಳಿಗೆಂದೇ ಇರುವ ದೊಡ್ಡ ಪಟ್ಟಿ ಸುತ್ತಿ, ಐದು ನಿಮಿಷ ಸುಮ್ಮನೆ ಕೂರಿಸಿ ನೋಡಿದಾಗ 128/82. ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಹಾಗಾಗಿ “ದೊಡ್ಡ ಪಟ್ಟಿ ಇದೆಯಾ ಸಿಸ್ಟರ್?” ಎಂದು ಕೇಳಲು ಹಿಂಜರಿಯಬೇಡಿ. ಆ ಒಂದು ಪ್ರಶ್ನೆಯ ಮೇಲೆ ನಿಮಗೆ ಬಿಪಿ ಕಾಯಿಲೆ ಇದೆಯೋ ಇಲ್ಲವೋ ಅನ್ನುವ ತೀರ್ಮಾನವೇ ನಿಂತಿರುತ್ತದೆ.

ಇವುಗಳ ಜೊತೆ ವಯಸ್ಸು, ಸಕ್ಕರೆ ಕಾಯಿಲೆ, ಸಿಗರೇಟು ಬೀಡಿಯ ಅಭ್ಯಾಸ, ಕೊನೆಯ ಹೆರಿಗೆಯ ದಿನ, ಮೊಲೆಯೂಡಿಸುತ್ತಿದ್ದರೆ ಆ ವಿಷಯ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರು ಬರೆಯಿರಿ. ಫಿಟ್ಸ್ ಮಾತ್ರೆ, ಕ್ಷಯದ ರಿಫಾಂಪಿಸಿನ್ ಇದ್ದರೆ ಮರೆಯದೆ ಹೇಳಿ, ಅವು ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗಿಸಬಹುದು. ತಲೆನೋವು ಬರುವ ಮೊದಲು ಕಣ್ಣಮುಂದೆ ಮಿಂಚಿದಂತೆ, ಅಂಕುಡೊಂಕು ಗೆರೆ ಹರಿದಂತೆ ಆಗುತ್ತದೆಯೇ? ಅಮ್ಮ, ಅಕ್ಕ, ತಂಗಿಯರಲ್ಲಿ ಯಾರಿಗಾದರೂ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿತ್ತೇ? ಇದನ್ನೂ ಬರೆಯಿರಿ.

ಎರಡನೇ ಹೆಜ್ಜೆ: ‘ನನಗೆ ಪಿಸಿಓಡಿ, ಗರ್ಭ ನಿಲ್ಲೋದಿಲ್ಲ’ ಅನ್ನುವ ನಂಬಿಕೆ ಬಿಡಿ

ಪಿಸಿಓಡಿ ಅಂದರೆ ಹಾರ್ಮೋನಿನ ಏರುಪೇರಿನಿಂದ ಅಂಡ ಸರಿಯಾಗಿ ಬಿಡುಗಡೆಯಾಗದೆ ಮುಟ್ಟು ತಡವಾಗುವ ತೊಂದರೆ. ಮುಟ್ಟು ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಆಗುವವರಲ್ಲಿ ಅಂಡ ಬಿಡುಗಡೆಯಾಗುವುದೇ ಇಲ್ಲ ಎಂದಲ್ಲ, ಯಾವಾಗ ಆಗುತ್ತದೆ ಎಂದು ಹೇಳಲು ಬರುವುದಿಲ್ಲ ಅಷ್ಟೇ. ಅದರಿಂದಲೇ ದಿನ ಎಣಿಸುವ ‘ಸೇಫ್ ಪೀರಿಯಡ್’ ಲೆಕ್ಕ ಇಂಥವರಿಗೆ ಸ್ವಲ್ಪವೂ ನೆಚ್ಚುವಂಥದ್ದಲ್ಲ. ತೂಕ ಐದಾರು ಕೆ.ಜಿ. ಇಳಿದರೂ ಸಾಕು, ನಿಂತ ಅಂಡೋತ್ಪತ್ತಿ ಮತ್ತೆ ಶುರುವಾಗಬಹುದು. ಮುಟ್ಟು ತಡವಾಗುವುದೇ ರೂಢಿಯಾದವರಿಗೆ ಬಸಿರು ನಿಂತಿದ್ದು ಮೂರನೇ ತಿಂಗಳಿಗೆ ಗೊತ್ತಾಗುವುದೂ ಉಂಟು.

ತೂಕ ಹೆಚ್ಚಿದ್ದಾಗ ನಿಲ್ಲುವ ಗರ್ಭದಲ್ಲಿ ಬಿಪಿ, ಸಕ್ಕರೆ, ಸಿಸೇರಿಯನ್, ರಕ್ತ ಹೆಪ್ಪುಗಟ್ಟುವಿಕೆ ಎಲ್ಲದರ ಅಪಾಯವೂ ಏರುತ್ತದೆ. ಆದ್ದರಿಂದ ಒಂದು ಗರ್ಭನಿರೋಧಕದ ಅಪಾಯವನ್ನು ತೂಗುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಬೇಡದ ಬಸಿರನ್ನು ಇಟ್ಟು ತೂಗಬೇಕು. ಖಾಲಿ ತಟ್ಟೆಗೆ ಹೋಲಿಸಿದರೆ ಎಲ್ಲವೂ ಭಾರವಾಗಿಯೇ ಕಾಣುತ್ತದೆ.

ಮೂರನೇ ಹೆಜ್ಜೆ: ‘ಇದರಲ್ಲಿ ಈಸ್ಟ್ರೋಜನ್ ಇದೆಯಾ?’ ಎಂದು ಕೇಳಿ

ಇಡೀ ವಿಷಯದ ಗಂಟು ಇರುವುದು ಇಲ್ಲಿ. ಈಸ್ಟ್ರೋಜನ್ ರಕ್ತವನ್ನು ಹೆಪ್ಪುಗಟ್ಟುವ ಕಡೆಗೆ ವಾಲಿಸುತ್ತದೆ, ಬೊಜ್ಜು ಕೂಡ ಅದೇ ಕೆಲಸ ಮಾಡುತ್ತದೆ. ಎರಡೂ ಸೇರಿದರೆ ಅಪಾಯ ಬಹುಪಟ್ಟು ಆಗುತ್ತದೆ. ಯುರೋಪಿನ ಔಷಧ ಸಂಸ್ಥೆ 2013ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಮಾತ್ರೆ ನುಂಗದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ರಕ್ತ ಹೆಪ್ಪುಗಟ್ಟುತ್ತದೆ. ಈಸ್ಟ್ರೋಜನ್ ಜೊತೆ ಲೆವೊನಾರ್ಜೆಸ್ಟ್ರೆಲ್ ಅನ್ನುವ ಪ್ರೊಜೆಸ್ಟಿನ್ ಇರುವ ಮಿಶ್ರ ಮಾತ್ರೆ ನುಂಗುವವರಲ್ಲಿ 5ರಿಂದ 7. ಡ್ರೊಸ್ಪಿರೆನೋನ್ ಅಥವಾ ಡೆಸೊಜೆಸ್ಟ್ರೆಲ್ ಇರುವ ಮಿಶ್ರ ಮಾತ್ರೆಯಲ್ಲಿ 9ರಿಂದ 12. ಇದು ಎಲ್ಲ ತೂಕದವರನ್ನೂ ಒಟ್ಟುಗೂಡಿಸಿದ ಲೆಕ್ಕ, ತೂಕ ಹೆಚ್ಚಿದ್ದವರಲ್ಲಿ ಇದು ಇನ್ನೂ ಏರುತ್ತದೆ. ಬಸಿರು, ಬಾಣಂತನದಲ್ಲಂತೂ ಈ ಎಲ್ಲಕ್ಕಿಂತ ಹೆಚ್ಚು.

ನಮ್ಮಲ್ಲಿ ಪಿಸಿಓಡಿಗೆಂದು ಬರೆದುಕೊಡುವ ಮಾತ್ರೆಗಳ ಕತೆಯನ್ನು ಇಲ್ಲಿ ಹೇಳಲೇಬೇಕು. ಮೊಡವೆ, ಗಲ್ಲದ ಕೂದಲು, ಏರುಪೇರಾದ ಮುಟ್ಟು ಎಂದು ಹೋದ ಹುಡುಗಿಗೆ ಡ್ರೊಸ್ಪಿರೆನೋನ್ ಅಥವಾ ಸೈಪ್ರೊಟೆರೋನ್ ಇರುವ ಮಾತ್ರೆ ಸಿಗುತ್ತದೆ. ಮನೆಯಲ್ಲಿ ಅದಕ್ಕೆ ‘ಪೀರಿಯಡ್ಸ್ ಸರಿಹೋಗೋ ಮಾತ್ರೆ’ ಎಂದು ಹೆಸರು. ಅದು ಈಸ್ಟ್ರೋಜನ್ ಇರುವ ಮಿಶ್ರ ಮಾತ್ರೆ ಎಂದು ನುಂಗುವವಳಿಗೂ ಗೊತ್ತಿರುವುದಿಲ್ಲ, ಮನೆಯವರಿಗೂ ಗೊತ್ತಿರುವುದಿಲ್ಲ. ಆರು ತಿಂಗಳಿಗೆಂದು ಬರೆದ ಚೀಟಿಯನ್ನು ಮೆಡಿಕಲ್ ಶಾಪಿನಲ್ಲಿ ತೋರಿಸಿ ಮೂರು ವರ್ಷ ನುಂಗಿದವರನ್ನು ನಾನು ಬಲ್ಲೆ, ಆ ಮೂರು ವರ್ಷದಲ್ಲಿ ಒಮ್ಮೆಯೂ ಬಿಪಿ ನೋಡಿಸಿರಲಿಲ್ಲ. ಮಾತ್ರೆಯ ಹಾಳೆಯ ಹಿಂದೆ ‘ಎಥಿನೈಲ್ ಈಸ್ಟ್ರಡಿಯಾಲ್’ ಎಂದಿದ್ದರೆ ಅದರಲ್ಲಿ ಈಸ್ಟ್ರೋಜನ್ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಮಾಲಾ-ಎನ್‌ನಲ್ಲೂ ಇದೆ. ಜೊತೆಗಿರುವುದು ಲೆವೊನಾರ್ಜೆಸ್ಟ್ರೆಲ್ ಆದ್ದರಿಂದ ಮಿಶ್ರ ಮಾತ್ರೆಗಳ ಪೈಕಿ ಅಪಾಯ ಕಡಿಮೆ ಇರುವ ಸಾಲಿಗೆ ಅದು ಸೇರುತ್ತದೆ.

ಹಾಗಾದರೆ ಮಿಶ್ರ ಮಾತ್ರೆ ಬೇಡವೇ? ನಿಮಗೆ ವಯಸ್ಸು 35 ದಾಟಿಲ್ಲ, ಬಿಪಿ ಸರಿಯಿದೆ, ಧೂಮಪಾನ ಇಲ್ಲ, ಸಕ್ಕರೆ ಇಲ್ಲ, ಬಿಎಂಐ 30–34ರ ನಡುವೆ ಇದೆ, ಮಾತ್ರೆಯೇ ಬೇಕು ಎಂದರೆ ವೈದ್ಯರ ಕಣ್ಗಾವಲಿನಲ್ಲಿ ನುಂಗಬಹುದು. ವಯಸ್ಸು, ಬಿಪಿ, ಧೂಮಪಾನ, ಸಕ್ಕರೆ ಇವುಗಳಲ್ಲಿ ಒಂದೆರಡು ತೂಕದ ಜೊತೆ ಕೂಡಿಕೊಂಡರೆ ಬೇರೆ ದಾರಿ ನೋಡುವುದೇ ಲೇಸು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದಾರಿಗಳಿಗೇನೂ ಕೊರತೆಯಿಲ್ಲ. ಹಿಂದೆ ರಕ್ತ ಹೆಪ್ಪುಗಟ್ಟಿದ್ದವರಿಗೆ, ಮಿಂಚಿನ ಮುನ್ಸೂಚನೆಯ ಮೈಗ್ರೇನ್ ಇರುವವರಿಗೆ ಈ ಮಾತ್ರೆ ಸಲ್ಲದು. ಹೆರಿಗೆಯಾದ ಮೊದಲ ಆರು ವಾರ ತೂಕ ಹೆಚ್ಚಿರುವ ಬಾಣಂತಿ ಇದರ ಹತ್ತಿರ ಹೋಗಬಾರದು, ಮೊಲೆಯೂಡಿಸುವವರು ಆರು ತಿಂಗಳು ಕಾಯುವುದು ಒಳ್ಳೆಯದು. ದೊಡ್ಡ ಆಪರೇಷನ್ ಇದ್ದರೆ ನಾಲ್ಕು ವಾರ ಮೊದಲೇ ನಿಲ್ಲಿಸುತ್ತಾರೆ, ನೀವೇ ನೆನಪಿಸಿ.

ಮಾತ್ರೆ ನುಂಗುವವರಿಗೆ ಇನ್ನೊಂದು ವಿಷಯ. ತೂಕ ಹೆಚ್ಚಿದ್ದಾಗ ಹಾರ್ಮೋನು ರಕ್ತದಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ಹೆಚ್ಚು ದಿನ ಹಿಡಿಯುತ್ತದೆ. ಊರಿಗೆ ಹೋಗಿದ್ದೆ, ಹೊಸ ಹಾಳೆ ಶುರುಮಾಡುವುದು ಮೂರು ದಿನ ತಡವಾಯಿತು ಅನ್ನುವುದು ಆಗಬಾರದು.

ನಾಲ್ಕನೇ ಹೆಜ್ಜೆ: ಉಳಿದವುಗಳಲ್ಲಿ ನಿಮ್ಮ ಮೈಗೆ ಒಗ್ಗುವುದನ್ನು ಆರಿಸಿ

ಕಾಪರ್ ಟಿ, ನಮ್ಮ ಅಮ್ಮಂದಿರ ಮಾತಿನಲ್ಲಿ ವಂಕಿ. ಹಾರ್ಮೋನ್ ಇಲ್ಲ, ತೂಕಕ್ಕೂ ಇದರ ಕೆಲಸಕ್ಕೂ ಸಂಬಂಧವೇ ಇಲ್ಲ. ಮೊದಲ ವರ್ಷದಲ್ಲಿ ನೂರು ಮಂದಿಯಲ್ಲಿ ಒಬ್ಬರಿಗಿಂತ ಕಡಿಮೆ ಜನ ಬಸಿರಾಗುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. 380ಎ ಅನ್ನುವುದು ಹತ್ತು ವರ್ಷ, 375 ಅನ್ನುವುದು ಐದು ವರ್ಷ ಇರುತ್ತದೆ. ಮುಟ್ಟಿನ ಸ್ರಾವ, ನೋವು ಮೊದಲ ಕೆಲವು ತಿಂಗಳು ಹೆಚ್ಚಾಗಬಹುದು. ಈಗಾಗಲೇ ಪ್ಯಾಡಿನ ಮೇಲೆ ಪ್ಯಾಡ್ ಬದಲಿಸುತ್ತಿರುವವರಿಗೆ, ರಕ್ತ ಕಡಿಮೆ ಇರುವವರಿಗೆ ಇದು ಕಷ್ಟ. ಬಸಿರಿಯಾಗಿದ್ದರೆ ಎಂಟನೇ ತಿಂಗಳಲ್ಲೇ ವೈದ್ಯರ ಹತ್ತಿರ ಮಾತಾಡಿಕೊಳ್ಳಿ. ಹೆರಿಗೆಯಾದ 48 ಗಂಟೆಯೊಳಗೆ, ಸಿಸೇರಿಯನ್ ಆದರೆ ಅಲ್ಲೇ, ಹಾಕಿಸಿಕೊಂಡು ಮನೆಗೆ ಬರಬಹುದು.

ಹಾರ್ಮೋನ್ ವಂಕಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ದಪ್ಪಗಿರುವವರಿಗೆ ಇದರಿಂದ ಸಿಗುವ ಎರಡನೇ ಲಾಭವನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಮೈಯ ಕೊಬ್ಬು ತಾನೇ ಈಸ್ಟ್ರೋಜನ್ ತಯಾರಿಸುತ್ತದೆ. ಅಂಡ ಬಿಡುಗಡೆಯಾಗದ ತಿಂಗಳುಗಳಲ್ಲಿ ಅದನ್ನು ಹದಕ್ಕೆ ತರುವ ಪ್ರೊಜೆಸ್ಟರೋನ್ ಇರುವುದಿಲ್ಲ. ಗರ್ಭಕೋಶದ ಒಳಪದರ ದಪ್ಪವಾಗುತ್ತಲೇ ಹೋಗುತ್ತದೆ, ಒಂದು ದಿನ ಕೊಡ ಒಡೆದಂತೆ ಸ್ರಾವವಾಗುತ್ತದೆ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಆ ಪದರದಲ್ಲಿ ಕ್ಯಾನ್ಸರ್ ಹುಟ್ಟುವ ಸಂಭವವೂ ಹೆಚ್ಚು. ಲೆವೊನಾರ್ಜೆಸ್ಟ್ರೆಲ್ ಇರುವ ವಂಕಿ ಗರ್ಭಕೋಶದೊಳಗೇ ಕೂತು ದಿನಾ ಒಂದಿಷ್ಟು ಹಾರ್ಮೋನ್ ಬಿಡುತ್ತಾ ಆ ಪದರವನ್ನು ತೆಳ್ಳಗೆ ಇಡುತ್ತದೆ. ಬಸಿರನ್ನೂ ತಡೆಯುತ್ತದೆ, ಸ್ರಾವವನ್ನೂ ಇಳಿಸುತ್ತದೆ. ನಾನು ಹಾಕಿಸಿಕೊಂಡಿದ್ದು ಇದನ್ನೇ. ಮೊದಲ ನಾಲ್ಕು ತಿಂಗಳು ಕಂಡೂ ಕಾಣದ ಹಾಗೆ ರಕ್ತದ ಕಲೆ ಕಾಣಿಸುತ್ತಿತ್ತು, ತೆಗೆಸಿಬಿಡೋಣ ಅನ್ನಿಸಿತ್ತು. ಐದನೇ ತಿಂಗಳಿಗೆ ನಿಂತಿತು. ಖಾಸಗಿಯಲ್ಲಿ ಸಾವಿರಾರು ರೂಪಾಯಿ ಆಗುತ್ತದೆ, ಆದರೆ ಐದು ವರ್ಷ ಇರುತ್ತದೆ. ಒಂದು ಎಚ್ಚರಿಕೆ: ಸ್ರಾವ ವಿಪರೀತ ಇದ್ದರೆ, ಅದರಲ್ಲೂ ನಲವತ್ತರ ಹತ್ತಿರ ಇದ್ದರೆ, ಮೊದಲು ಒಳಪದರವನ್ನು ಪರೀಕ್ಷೆ ಮಾಡಿಸಿ ಆಮೇಲೆ ಹಾಕಿಸಿ.

ಯಾವ ವಂಕಿಯಾದರೂ, ತೂಕ ಹೆಚ್ಚಿದ್ದಾಗ ಹಾಕುವವರಿಗೆ ಗರ್ಭಕೋಶದ ಬಾಯಿ ಸುಲಭಕ್ಕೆ ಕಾಣದಿರಬಹುದು. ಒಳಗೆ ನೋಡಲು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಸಾಧನ ದೊಡ್ಡದು ಬೇಕಾಗಬಹುದು, ಸ್ಕ್ಯಾನ್ ಇಟ್ಟುಕೊಂಡು ಹಾಕಬೇಕಾಗಬಹುದು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕೈ ಪಳಗಿದ ವೈದ್ಯರಿಗೆ ಇದು ದಿನನಿತ್ಯದ ಕೆಲಸ.

ತೋಳಿನ ಇಂಪ್ಲಾಂಟ್ ಬೆಂಕಿಕಡ್ಡಿಯಷ್ಟು ಉದ್ದದ ಮೆದು ಕಡ್ಡಿ. ತೋಳಿನ ಒಳಮಗ್ಗುಲಲ್ಲಿ ಚರ್ಮದ ಕೆಳಗೇ ಇಡುತ್ತಾರೆ, ಮೂರು ವರ್ಷ ಇರುತ್ತದೆ, ತೂಕ ಹೆಚ್ಚಿದ್ದರೂ ಚೆನ್ನಾಗಿ ಕೆಲಸ ಮಾಡುತ್ತದೆ. ಮುಟ್ಟು ಯಾವಾಗ ಬರುತ್ತದೋ ಹೇಳಲಾಗದು ಅನ್ನುವುದೇ ಇದರ ದೊಡ್ಡ ತಕರಾರು. ಸರ್ಕಾರಿ ವ್ಯವಸ್ಥೆಯಲ್ಲಿ ಇದು ಮೊದಲು ಆಯ್ದ ಜಿಲ್ಲೆಗಳಲ್ಲಿ ಶುರುವಾಯಿತು. ಹಾಕಿದ ಕೂಡಲೇ ಬೆರಳಿನಿಂದ ಮುಟ್ಟಿ ನೋಡಿ, ಕೈಗೆ ಸಿಗಬೇಕು. ಕೊಬ್ಬಿನ ಆಳಕ್ಕೆ ಹೋದರೆ ತೆಗೆಯುವಾಗ ಪರದಾಟ.

ಅಂತರಾ ಇಂಜೆಕ್ಷನ್ನನ್ನು ಸರ್ಕಾರ 2017ರಿಂದ ಉಚಿತವಾಗಿ ಕೊಡುತ್ತಿದೆ. ಮೂರು ತಿಂಗಳಿಗೊಮ್ಮೆ ಒಂದು ಸೂಜಿ, ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ, ಮೊಲೆಯೂಡಿಸುವವರಿಗೂ ಆರು ವಾರದ ಬಳಿಕ ಆಗುತ್ತದೆ. ಆದರೆ ಉಳಿದ ವಿಧಾನಗಳಲ್ಲಿ ಅಷ್ಟಾಗಿ ಕಾಣದ ತೂಕ ಏರಿಕೆ ಇದರಲ್ಲಿ ಕೆಲವರಿಗೆ ನಿಜವಾಗಿಯೂ ಆಗುತ್ತದೆ. ಅಳತೆಗೋಲು ಇದು: ಮೊದಲ ಆರು ತಿಂಗಳಲ್ಲಿ ತೂಕ ನೂರಕ್ಕೆ ಐದರಷ್ಟು, ಅಂದರೆ 84 ಕೆ.ಜಿ. ಇದ್ದವರಿಗೆ ನಾಲ್ಕು ಕೆ.ಜಿ.ಗಿಂತ ಹೆಚ್ಚು, ಏರಿದರೆ ಮುಂದೆಯೂ ಏರುವ ಸಂಭವ ಹೆಚ್ಚು. ಆಗ ಬೇರೆಯದಕ್ಕೆ ಬದಲಾಗಿ. ನಿಲ್ಲಿಸಿದ ಮೇಲೆ ಬಸಿರಾಗಲು ಏಳರಿಂದ ಹತ್ತು ತಿಂಗಳು ಹಿಡಿಯಬಹುದು, ಹಾಗಾಗಿ ಮುಂದಿನ ವರ್ಷವೇ ಮಗು ಬೇಕೆನ್ನುವವರಿಗೆ ಇದು ಹೊಂದುವುದಿಲ್ಲ. ಬಿಪಿ, ಸಕ್ಕರೆ, ವಯಸ್ಸು, ಧೂಮಪಾನ ಹೀಗೆ ಹಲವು ಒಟ್ಟಿಗೆ ಇದ್ದವರಿಗೂ ಬೇಡ. ಸೂಜಿ ಮಾಂಸಖಂಡ ಮುಟ್ಟಬೇಕು. ದಪ್ಪಗಿರುವವರಿಗೆ ಸೊಂಟದ ಕೆಳಗಿಗಿಂತ ತೋಳಿಗೆ ಚುಚ್ಚುವುದು ವಾಸಿ.

ಛಾಯಾ ಮಾತ್ರೆ ಲಕ್ನೋದ ಸರ್ಕಾರಿ ಪ್ರಯೋಗಾಲಯದಲ್ಲಿ ಹುಟ್ಟಿದ್ದು, ಅಂಗಡಿಯಲ್ಲಿ ಸಹೇಲಿ ಎಂದು ಸಿಗುತ್ತದೆ. ಈಸ್ಟ್ರೋಜನ್ನೂ ಇಲ್ಲ, ಪ್ರೊಜೆಸ್ಟಿನ್ನೂ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ‘ಹಾರ್ಮೋನ್ ಇಲ್ಲ, ಎಲ್ಲರಿಗೂ ಆಗುತ್ತೆ’ ಎಂದು ಕೈಗಿಡುವವರಿದ್ದಾರೆ. ಆದರೆ ಪಿಸಿಓಡಿ ಇರುವವರಿಗೆ, ಈಚೆಗೆ ಕಾಮಾಲೆಯಾದವರಿಗೆ ಇದನ್ನು ಕೊಡಬಾರದೆಂದು ಸೂಚನೆಯಲ್ಲೇ ಇದೆ. ನಮ್ಮಲ್ಲಿ ಎಷ್ಟೋ ಮಂದಿಗೆ ಪಿಸಿಓಡಿ ಇರುವುದರಿಂದ ಇದನ್ನು ಕೇಳಿಯೇ ತೆಗೆದುಕೊಳ್ಳಿ.

ಪ್ರೊಜೆಸ್ಟಿನ್ ಮಾತ್ರ ಇರುವ ದಿನದ ಮಾತ್ರೆ ಸುರಕ್ಷಿತ, ಆದರೆ ಗಡಿಯಾರ ನೋಡಿ ನುಂಗಬೇಕು. ಕಾಂಡೋಮ್ ಯಾವುದರ ಜೊತೆಗಾದರೂ ಇರಲಿ, ಲೈಂಗಿಕ ರೋಗಗಳನ್ನು ತಡೆಯುವುದು ಅದೊಂದೇ.

ಐದನೇ ಹೆಜ್ಜೆ: ತುರ್ತು ಮಾತ್ರೆಯನ್ನು ನೆಚ್ಚಿಕೊಂಡು ಕೂರಬೇಡಿ

ಐ-ಪಿಲ್, ಅನ್‌ವಾಂಟೆಡ್-72 ಎಂದು ಕೌಂಟರಿನಲ್ಲಿ ಸಿಗುವುದು 1.5 ಮಿ.ಗ್ರಾಂ. ಲೆವೊನಾರ್ಜೆಸ್ಟ್ರೆಲ್. ಅಂಡ ಬಿಡುಗಡೆಯಾಗುವುದನ್ನು ಮುಂದೂಡುವುದು ಅದರ ಕೆಲಸ. ಬೊಜ್ಜು ಇರುವವರು ನುಂಗಿದಾಗ ರಕ್ತದಲ್ಲಿ ಅದರ ಪ್ರಮಾಣ ಸಣ್ಣಗಿರುವವರಿಗಿಂತ ಸುಮಾರು ಅರ್ಧದಷ್ಟೇ ಏರುತ್ತದೆ. ತೂಕ 70 ಕೆ.ಜಿ. ಅಥವಾ ಬಿಎಂಐ 26 ದಾಟಿದವರಲ್ಲಿ ಇದು ಕೈಕೊಡಬಹುದು ಎಂದು ಬ್ರಿಟನ್ನಿನ ಮಾರ್ಗಸೂಚಿ ಎಚ್ಚರಿಸುತ್ತದೆ. 70 ಕೆ.ಜಿ. ಅಂದರೆ ನಮ್ಮ ನಿಮ್ಮ ಮನೆಯ ಎಷ್ಟು ಹೆಂಗಸರು ಆ ಗೆರೆಯ ಆಚೆ ಇದ್ದಾರೆ ಯೋಚಿಸಿ. ಜಾಹೀರಾತಿನಲ್ಲಿ ಈ ಮಾತು ಬರುವುದಿಲ್ಲ.

ಎರಡು ಮಾತ್ರೆ ಒಟ್ಟಿಗೆ ನುಂಗಿದರೆ? ಬೇರೇನೂ ಸಿಗದಾಗ ಹಾಗೆ ಮಾಡಲು ಬ್ರಿಟನ್ನಿನಲ್ಲಿ ಹೇಳುತ್ತಾರೆ. ಆದರೆ 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಬೊಜ್ಜು ಇರುವವರಿಗೆ ಎರಡು ಪಟ್ಟು ಕೊಟ್ಟರೂ ಹೆಚ್ಚಿನ ಲಾಭ ಕಾಣಲಿಲ್ಲ. ನೆಚ್ಚಬಹುದಾದ ತುರ್ತು ಉಪಾಯ ಕಾಪರ್ ಟಿ. ರಕ್ಷಣೆಯಿಲ್ಲದ ಸಂಭೋಗವಾದ ಐದು ದಿನದೊಳಗೆ ಹಾಕಿಸಿಕೊಂಡರೆ ತೂಕ ಎಷ್ಟೇ ಇರಲಿ ನೂರಕ್ಕೆ 99ಕ್ಕಿಂತ ಹೆಚ್ಚು ಕಾಪಾಡುತ್ತದೆ, ಮುಂದಿನ ಹತ್ತು ವರ್ಷಕ್ಕೂ ಅದೇ ಆಗುತ್ತದೆ. ಹೊರದೇಶದಲ್ಲಿರುವ ನಮ್ಮವರು ಯುಲಿಪ್ರಿಸ್ಟಾಲ್ ಮಾತ್ರೆ ಕೇಳಬಹುದು. ಅದು 85 ಕೆ.ಜಿ. ತನಕ ಐ-ಪಿಲ್ ಮಾತ್ರೆಗಿಂತ ಮೇಲು. ಆಸ್ಪತ್ರೆ ದೂರ ಇದ್ದು ಕೈಯಲ್ಲಿ ಐ-ಪಿಲ್ ಮಾತ್ರ ಇದ್ದರೆ ಅದನ್ನೇ ಆದಷ್ಟು ಬೇಗ ನುಂಗಿ, ಏನೂ ಇಲ್ಲದ್ದಕ್ಕಿಂತ ಅದು ವಾಸಿ. ಮೂರು ವಾರದಲ್ಲಿ ಮುಟ್ಟಾಗದಿದ್ದರೆ ಪರೀಕ್ಷೆ ಮಾಡಿ. ಗರ್ಭನಿರೋಧಕ ಕೈಕೊಟ್ಟು ಬಸಿರಾದರೆ, ಮದುವೆ ಆಗಿರಲಿ ಬಿಡಲಿ, 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ 2021ರ ತಿದ್ದುಪಡಿ ಕಾನೂನು ಅವಕಾಶ ಕೊಟ್ಟಿದೆ.

ಆರನೇ ಹೆಜ್ಜೆ: ತೂಕ ಇಳಿಸುವ ಚಿಕಿತ್ಸೆಯಲ್ಲಿದ್ದರೆ

ಮೌಂಜಾರೋ ಎಂದು 2025ರಲ್ಲಿ ನಮ್ಮ ದೇಶಕ್ಕೂ ಬಂದ ಟಿರ್ಜೆಪಟೈಡ್ ಇಂಜೆಕ್ಷನ್, ಹೊಟ್ಟೆಯಿಂದ ಆಹಾರ ಮುಂದೆ ಸಾಗುವುದನ್ನು ನಿಧಾನ ಮಾಡುತ್ತದೆ. ಅದರಿಂದ ಗರ್ಭನಿರೋಧಕ ಮಾತ್ರೆ ಮೈಗೆ ಸೇರುವುದೂ ಕಡಿಮೆಯಾಗುತ್ತದೆ. ಶುರು ಮಾಡಿದಾಗ ನಾಲ್ಕು ವಾರ, ಡೋಸ್ ಏರಿಸಿದಾಗಲೆಲ್ಲ ಮತ್ತೆ ನಾಲ್ಕು ವಾರ, ಕಾಂಡೋಮ್ ಜೊತೆಗಿರಬೇಕು. ವಂಕಿ, ಇಂಪ್ಲಾಂಟ್ ಇದ್ದವರಿಗೆ ಈ ತಾಪತ್ರಯ ಇಲ್ಲ. ತೂಕ ಇಳಿಸುವ ಇನ್ನೊಂದು ಔಷಧ ಸೆಮಾಗ್ಲುಟೈಡ್‌ನಲ್ಲಿ ಈ ತೊಂದರೆ ಕಂಡಿಲ್ಲವಾದರೂ ವಾಂತಿ ಭೇದಿ ಹೆಚ್ಚಾದರೆ ಮಾತ್ರೆ ನುಂಗಿಯೂ ನುಂಗದಂತೆಯೇ. ಈ ಔಷಧಗಳ ಮೇಲಿರುವಾಗ ಬಸಿರಾಗಬಾರದು. ಮಗು ಬೇಕೆಂದರೆ ಸೆಮಾಗ್ಲುಟೈಡನ್ನು ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಏರುವುದೂ ಇದೇ ಹೊತ್ತಿನಲ್ಲಿ, ಅದನ್ನು ಮರೆಯಬೇಡಿ.

ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು 12ರಿಂದ 18 ತಿಂಗಳು ಬಸಿರಾಗುವುದನ್ನು ಮುಂದೂಡಬೇಕು. ಕರುಳಿನ ದಾರಿಯನ್ನೇ ಬದಲಿಸುವ ಬೈಪಾಸ್ ಆಗಿದ್ದರೆ ಬಾಯಿಂದ ನುಂಗುವ ಗರ್ಭನಿರೋಧಕವನ್ನು ನಂಬುವಂತಿಲ್ಲ.

ಏಳನೇ ಹೆಜ್ಜೆ: ಆಪರೇಷನ್ ಎಂದಾಗ ಗಂಡನೂ ಕೂತು ಮಾತಾಡಲಿ

ಮಕ್ಕಳು ಸಾಕು ಎಂದ ಕೂಡಲೇ ನಮ್ಮಲ್ಲಿ ಹೆಂಡತಿಯನ್ನು ಆಪರೇಷನ್ನಿಗೆ ಕಳಿಸುವುದು ವಾಡಿಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಆಪರೇಷನ್ ಮಾಡಿಸಿಕೊಂಡವರು, ಗಂಡಸರ ಲೆಕ್ಕ ಸೊನ್ನೆಯ ಹತ್ತಿರ. ತೂಕ ಹೆಚ್ಚಿರುವವಳಿಗೆ ಅರಿವಳಿಕೆಯಲ್ಲಿ ಉಸಿರಾಟದ ತೊಂದರೆ, ಗಾಯ ಕೀವಾಗುವುದು ಎರಡೂ ಹೆಚ್ಚು. ಸಿಸೇರಿಯನ್ ಜೊತೆಯಲ್ಲೇ ಆದರೆ ಆ ಮಾತು ಬೇರೆ. ಗಂಡಸರದ್ದು ಹೊಲಿಗೆಯಿಲ್ಲದ, ಆ ಜಾಗ ಮಾತ್ರ ಮರಗಟ್ಟಿಸಿ ಕಾಲು ಗಂಟೆಯಲ್ಲಿ ಮುಗಿಯುವ ಕೆಲಸ, ಗಂಡಸುತನಕ್ಕೂ ದುಡಿಮೆಗೂ ಕುಂದಿಲ್ಲ. ಮೂರು ತಿಂಗಳ ನಂತರ ವೀರ್ಯ ಪರೀಕ್ಷೆ ಮಾಡಿಸಿ ಖಚಿತವಾಗುವವರೆಗೆ ಮಾತ್ರ ಬೇರೆ ವಿಧಾನ ಇರಬೇಕು. ತೂಕವೂ ಬಿಪಿಯೂ ಇರುವ ಹೆಂಡತಿಯನ್ನು ಮೇಜಿನ ಮೇಲೆ ಮಲಗಿಸುವ ಮೊದಲು ಈ ಮಾತು ಮನೆಯಲ್ಲಿ ಆಗಲೇಬೇಕು.

ಹಾಕಿಸಿಕೊಂಡ ಮೇಲೆ

ವಂಕಿಯಾದರೆ ಮೊದಲ ಮುಟ್ಟಿನ ನಂತರ ಒಮ್ಮೆ ತೋರಿಸಿ. ಅಂತರಾ ಆದರೆ ಮುಂದಿನ ಸೂಜಿಯ ದಿನಕ್ಕೆ ಎರಡು ವಾರ ಮೊದಲೂ ಹಾಕಿಸಬಹುದು, ತಡವಾದರೆ ನಾಲ್ಕು ವಾರದೊಳಗೆ ಹೋಗಬೇಕು. ಮಿಶ್ರ ಮಾತ್ರೆಯಾದರೆ ಮೂರು ತಿಂಗಳಿಗೆ ಬಿಪಿ ನೋಡಿಸಿ, ಆಮೇಲೆ ವರ್ಷಕ್ಕೊಮ್ಮೆಯಾದರೂ. ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುವುದು, ಇದ್ದಕ್ಕಿದ್ದಂತೆ ಏದುಸಿರು, ಎದೆನೋವು, ಹಿಂದೆಂದೂ ಬಾರದಂಥ ತಲೆನೋವು, ಕಣ್ಣು ಮಂಜಾಗುವುದು, ಮಾತು ತೊದಲುವುದು ಇವುಗಳಲ್ಲಿ ಒಂದು ಕಂಡರೂ ಮಾತ್ರೆ ನಿಲ್ಲಿಸಿ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಿ. ‘ಕಾಲು ಉಳುಕಿರಬೇಕು’ ಎಂದು ಎಣ್ಣೆ ಹಚ್ಚಿ ತಿಕ್ಕುತ್ತಾ ಕೂರಬೇಡಿ.

ವಂಕಿ ಅಥವಾ ಇಂಪ್ಲಾಂಟ್ ಹಾಕಿದಾಗ ಒಂದು ಚಿಕ್ಕ ಕಾರ್ಡ್ ಕೊಡುತ್ತಾರೆ, ಹಾಕಿದ ದಿನ, ತೆಗೆಸುವ ವರ್ಷ ಅದರಲ್ಲಿರುತ್ತದೆ. ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಟ್ಟುಕೊಂಡು, ಕಾರ್ಡನ್ನು ರೇಷನ್ ಕಾರ್ಡ್ ಇಡುವ ಕಡೆಯೇ ಇಡಿ.